ಒಂದೇ ಸಾಕಾ, ಇನ್ನೊಂದು ಬೇಕಾ? ಒಬ್ಬಳೇ ಮಗಳಾಗಿ ಬೆಳೆದವಳ ಹೋಲಿಕೆ

ಕಳೆದ ಸಲದ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ, ಜಾತ್ರೆ ನಡೆಯುವ ಬಿಡ್ಕಿಬೈಲಿನ ಗದ್ದಲದ ನಡುವೆ, ನೆಂಟರ ಪೈಕಿ ತಂಗಿಯೊಬ್ಬಳು ಕೈ ಹಿಡಿದು ಪಕ್ಕಕ್ಕೆ ಕರೆದಳು. ಅವಳ ಮಾಣಿಗೆ, ಅಂದರೆ ಮಗನಿಗೆ, ಮೂರು ವರ್ಷ. "ಅಕ್ಕಾ, ನೀನೂ ಒಬ್ಬಳೇ ಬೆಳೆದವಳು. ನಿನಗೂ ಒಂದೇ ಕೂಸು. ನಿಜ ಹೇಳು, ಒಂದೇ ಸಾಕಾ?" ಎಂದು ಕೇಳಿದಳು. ಮೈಕಿನ ಸದ್ದಿನಲ್ಲಿ ಒಂದು ಮಾತಿನ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅವಳಿಗೆ ಅಂದು ಹೇಳದೆ ಉಳಿದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದೇ ಮಗುವಾಗಿರುವುದರ ಕಷ್ಟ ಬಾಲ್ಯದಲ್ಲಿ ಅಷ್ಟಾಗಿ ಇಲ್ಲ. ಅದು ಬರುವುದು ನಲವತ್ತರ ಹೊತ್ತಿಗೆ, ಅಪ್ಪನೋ ಆಯಿಯೋ (ನಮ್ಮಲ್ಲಿ ಅಮ್ಮನಿಗೆ ಆಯಿ ಎನ್ನುತ್ತೇವೆ) ಹಾಸಿಗೆ ಹಿಡಿದಾಗ. ಆದರೆ ಊರಲ್ಲಿ ಎಲ್ಲರೂ ಹೆದರುವುದು, ಹೆದರಿಸುವುದು ಬಾಲ್ಯದ ಬಗ್ಗೆ. "ಪಾಪ, ಆಡಲಿಕ್ಕೆ ಜೊತೆ ಇಲ್ಲ" ಎನ್ನುತ್ತಾರೆ. ಹೀಗಾಗಿ ಹೋಲಿಕೆ ಮಾಡಬೇಕಾದ ವಿಷಯ ಬಿಟ್ಟೇ ಹೋಗುತ್ತದೆ.

ಇರುವ ದಾರಿಗಳು

ಒಂದಕ್ಕೆ ನಿಲ್ಲಿಸುವುದು ಒಂದು ದಾರಿ. ಹತ್ತಿರದ ಅಂತರದಲ್ಲಿ ಎರಡು ಮಕ್ಕಳು ಇನ್ನೊಂದು. ದೂರದ ಅಂತರದಲ್ಲಿ ಎರಡು ಎಂದರೆ ಅದು ಬೇರೆಯೇ ಬದುಕು. ಎರಡನೆಯದನ್ನು ದತ್ತು ತೆಗೆದುಕೊಳ್ಳುವವರೂ ಇದ್ದಾರೆ. ಇವಲ್ಲದೆ ಮತ್ತೊಂದಿದೆ, ಹೆಚ್ಚಿನವರು ಹಿಡಿಯುವುದು ಅದನ್ನೇ: "ನೋಡೋಣ" ಎನ್ನುತ್ತಾ ವರ್ಷ ಕಳೆಯುವುದು.

ನನ್ನ ಆಯಿ ವಯಸ್ಸಿನ ಅಂತರವನ್ನು ಜಾತ್ರೆಯ ಲೆಕ್ಕದಲ್ಲಿ ಹೇಳುತ್ತಾಳೆ. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ ತಾನೇ? ಹಾಗಾಗಿ ಒಂದು ಜಾತ್ರೆ ಅಂದರೆ ಎರಡು ವರ್ಷ. ನನಗೂ ಆ ಲೆಕ್ಕವೇ ಸಲೀಸು. ಒಂದು ಹೆರಿಗೆಯಾದ ಮೇಲೆ ಮತ್ತೆ ಬಸಿರಾಗಲು ಕನಿಷ್ಠ 24 ತಿಂಗಳು ಬಿಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೇಲೆ ಒಂಬತ್ತು ತಿಂಗಳು ಸೇರಿಸಿ. ಅಂದರೆ ಇಬ್ಬರು ಮಕ್ಕಳ ನಡುವೆ ಹೆಚ್ಚುಕಡಿಮೆ ಒಂದೂವರೆ ಜಾತ್ರೆ ಇರಬೇಕು. "ಒಂದರ ಹಿಂದೆ ಒಂದು ಆಗಿಹೋದರೆ ಒಳ್ಳೆಯದು, ಒಟ್ಟಿಗೇ ಬೆಳೆಯುತ್ತವೆ" ಎನ್ನುವ ಹಿರಿಯರಿಗೆ ಈ ಲೆಕ್ಕ ಹೇಳಿ. ತಾಯಿಯ ಮೈಯಲ್ಲಿ ರಕ್ತ ತುಂಬಿಕೊಳ್ಳಲು, ಸಿಸೇರಿಯನ್ ಗಾಯ ಸರಿಯಾಗಿ ಕೂಡಿಕೊಳ್ಳಲು ಆ ಸಮಯ ಬೇಕು.

"ಒಂದೇ ಮಗು ಅಂದರೆ ವಿಚಿತ್ರ" ಎನ್ನುವ ಕಾಲವೂ ಮುಗಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ದೇಶದ ಸರಾಸರಿ 2.0. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೆ 2.1 ಬೇಕು. ಎರಡಕ್ಕಿಂತ ಕಡಿಮೆ ಎನ್ನುವುದು ಈಗ ನಮ್ಮ ರಾಜ್ಯದಲ್ಲಿ ಸಾಮಾನ್ಯ ಸಂಗತಿ. ಊರು ಖಾಲಿಯಾಗುತ್ತಿದೆ, ಮಕ್ಕಳನ್ನು ಜಾಸ್ತಿ ಹೆರಿ ಎನ್ನುವ ಮಾತು ಸಭೆಗಳಲ್ಲಿ ಕೇಳಿಬರುವುದೂ ಇದಕ್ಕೇ. ಆ ಚಿಂತೆ ನನಗೆ ಅರ್ಥವಾಗುತ್ತದೆ. ನಮ್ಮೂರ ಮನೆಗಳಲ್ಲಿ ಮುದುಕರೇ ಉಳಿದಿರುವುದನ್ನು ನಾನೂ ನೋಡುತ್ತಿದ್ದೇನೆ. ಆದರೆ ಊರು ತುಂಬಿಸಲಿಕ್ಕೆಂದು ಯಾವ ತಾಯಿಯೂ ಹೆರಬೇಕಾಗಿಲ್ಲ. ಹುಟ್ಟಿದ ಮಕ್ಕಳು ಊರಲ್ಲೇ ಉಳಿಯುತ್ತಾರೆ ಎನ್ನುವುದಕ್ಕೂ ಖಾತ್ರಿ ಇಲ್ಲ, ಅಲ್ವಾ?

ಸ್ವಭಾವ ಕೆಡುತ್ತದೆಯೇ?

ಈ ಭಯ ನಮ್ಮ ಅಜ್ಜಿಯರದ್ದು ಎಂದುಕೊಂಡಿದ್ದೆ. ಪುಸ್ತಕದಲ್ಲೂ ಅದು ಹಳೆಯದೇ. 1890ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಿ. ಸ್ಟ್ಯಾನ್ಲಿ ಹಾಲ್ ಮತ್ತು ಅವರ ಬಳಗದ ಇ. ಡಬ್ಲ್ಯೂ. ಬೊಹಾನನ್ ಪ್ರಶ್ನೆಪಟ್ಟಿ ಕಳಿಸಿ, ಬಂದ ಉತ್ತರ ಕೂಡಿಸಿ, ಒಂದೇ ಮಗು ಅಂದರೆ ಹಟಮಾರಿ, ಜನರೊಡನೆ ಬೆರೆಯದ್ದು ಎಂಬ ಚಿತ್ರ ಕೊಟ್ಟರು. ಆ ಚಿತ್ರ ನೂರು ವರ್ಷ ಉಳಿಯಿತು. 1986ರಲ್ಲಿ ಟೋನಿ ಫಾಲ್ಬೋ ಮತ್ತು ಡೆನಿಸ್ ಪೊಲಿಟ್ ಎಂಬ ಸಂಶೋಧಕಿಯರು ಅದುವರೆಗಿನ 115 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸ್ವಭಾವದಲ್ಲಾಗಲಿ, ಜನರೊಡನೆ ಬೆರೆಯುವುದರಲ್ಲಾಗಲಿ ಒಂಟಿ ಮಕ್ಕಳು ಉಳಿದವರಿಗಿಂತ ಹಿಂದಿಲ್ಲ ಎಂದು ಕಂಡಿತು. ಏನಾದರೂ ಸಾಧಿಸಬೇಕೆಂಬ ಹಂಬಲದಲ್ಲಿ ಸ್ವಲ್ಪ ಮುಂದೆಯೇ ಇದ್ದರು.

ನನ್ನ ಅನುಭವವೂ ಹೆಚ್ಚುಕಡಿಮೆ ಹಾಗೇ. ಶಿರಸಿಯಿಂದ 14 ಕಿಲೋಮೀಟರ್ ದೂರದ ಹಳ್ಳಿ ನಮ್ಮದು. ಬೇಸಿಗೆಯಲ್ಲಿ ತೋಟದ ಕೆಲಸಕ್ಕೆ ಬರುವವರ ಮಕ್ಕಳ ಜೊತೆ ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡು ಧರೆಯ ಇಳಿಜಾರು ಇಳಿಯುತ್ತಿದ್ದೆ. ದೊಡ್ಡವರ ಮಾತು ಕೇಳುತ್ತಾ ಬೆಳೆದೆ. ಒಬ್ಬಳೇ ಕೂತು ಓದುವುದು, ಒಬ್ಬಳೇ ಬಸ್ಸು ಹತ್ತುವುದು ಯಾವತ್ತೂ ಕಷ್ಟ ಅನಿಸಲಿಲ್ಲ. ಒಂದು ವಿದ್ಯೆ ಮಾತ್ರ ತಡವಾಗಿ ಕಲಿತೆ: ಜಗಳಾಡಿ ರಾಜಿಯಾಗುವುದು. ಅಣ್ಣ ತಂಗಿ ಇದ್ದ ಮನೆಯಲ್ಲಿ ಬೆಳಿಗ್ಗೆ ಕೂದಲು ಹಿಡಿದು ಎಳೆದಾಡಿದವರು ಮಧ್ಯಾಹ್ನ ಒಂದೇ ಬಟ್ಟಲಲ್ಲಿ ಹಲಸಿನ ಹಣ್ಣು ತಿನ್ನುತ್ತಾರೆ. ನನಗೆ ಅದು ಗೊತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಗೆಳತಿಯೊಬ್ಬಳ ಜೊತೆ ಮಾತು ಬಿಟ್ಟವಳು ಎರಡು ವರ್ಷ ಮಾತಾಡಲೇ ಇಲ್ಲ. ಜಗಳ ಅಂದರೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ.

ಅದಕ್ಕೇ ಮಗಳನ್ನು ಪ್ರತಿ ಬೇಸಿಗೆ ರಜೆಯಲ್ಲಿ ಮೂರು ವಾರ ಕುಮಟೆಯ ಅವಳ ಅತ್ತೆ ಮನೆಗೆ ಬಿಡುತ್ತೇವೆ. ಅಲ್ಲಿ ಮೂವರು ಮಕ್ಕಳಿದ್ದಾರೆ. ಮೊದಲ ವಾರ ದಿನಾ ಅಳುತ್ತಾ ಫೋನ್ ಮಾಡುತ್ತಾಳೆ. ಮೂರನೇ ವಾರ ಬಾ ಅಂದರೂ ಬರುವುದಿಲ್ಲ. ಒಂದೇ ಮಗು ಇದ್ದವರು ಇದೊಂದನ್ನು ತಪ್ಪದೆ ಮಾಡಬೇಕು ಎಂದು ನಾನು ಹೇಳುತ್ತೇನೆ. ನಾಲ್ಕು ಗಂಟೆಯ ಆಟ ಸಾಲದು. ರಾತ್ರಿ ಒಂದೇ ಹಾಸಿಗೆಯಲ್ಲಿ ಮಲಗಿ, ಹೊದಿಕೆಗೆ ಕಿತ್ತಾಡುವಷ್ಟು ದಿನ ಬೇಕು.

ಜೊತೆ ಇದೆಯೋ ಇಲ್ಲವೋ, ಮನೆ ಎಲ್ಲಿದೆ ನೋಡಿ

ಒಂದೇ ಮಗುವಿನ ಬಾಲ್ಯ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ನೋಡಿ. ಅಂಕೋಲೆ, ಕಾರವಾರದ ಕಡಲ ಬದಿಯ ಕೇರಿಗಳಲ್ಲಿ ಮನೆಗೆ ಮನೆ ತಾಗಿಕೊಂಡಿದೆ. ಅಲ್ಲಿ ಒಂದೇ ಮಗು ಹೆತ್ತರೂ ಅಂಗಳದಲ್ಲಿ ಹತ್ತು ಮಕ್ಕಳು. ಕೈಗಾದ ಕಾಲೊನಿಯಲ್ಲೋ ಕಾರವಾರದ ನೌಕಾನೆಲೆಯ ವಸತಿಯಲ್ಲೋ ಇದ್ದರೆ ಸಂಜೆ ಐದಾದರೆ ಸಾಕು, ಮೈದಾನ ತುಂಬುತ್ತದೆ. ಘಟ್ಟದ ಮೇಲಿನ ನಮ್ಮ ಕಡೆ ಹಾಗಲ್ಲ. ಒಂದು ಕಣಿವೆಗೆ ಒಂದು ಮನೆ, ಮುಂದಿನ ಮನೆಗೆ ತೋಟ ದಾಟಿ, ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟಿ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯೂ ಇಲ್ಲ. ಊರಿನ ಶಾಲೆಯಲ್ಲಿ ಒಂದು ತರಗತಿಗೆ ಒಬ್ಬರೋ ಇಬ್ಬರೋ ಮಕ್ಕಳು.

ಹಾಗಾಗಿ ಒಂದು ಸಾಕು ಎಂದು ತೀರ್ಮಾನಿಸುವ ಮೊದಲು ನಾಲ್ಕು ತಿಂಗಳ ಮಳೆಗಾಲ ನಿಮ್ಮ ಮಗು ಯಾರ ಜೊತೆ ಕಳೆಯುತ್ತದೆ ಎಂದು ಲೆಕ್ಕ ಹಾಕಿ. ಯಾರೂ ಇಲ್ಲ ಎಂದಾದರೆ ಅದರ ಉತ್ತರ ಇನ್ನೊಂದು ಹೆರುವುದೇ ಆಗಬೇಕಿಲ್ಲ. ನಾವು ಮಗಳಿಗೆ ಐದಾದಾಗ ಶಿರಸಿ ಪೇಟೆಗೆ ಬಂದೆವು. ಅದಕ್ಕೆ ಒಂದು ಕಾರಣ ಇದು. ಪೇಟೆಗೆ ಬರಲು ಆಗದವರಿದ್ದಾರೆ. ತೋಟ ಬಿಟ್ಟು ಬರಲು ಮನಸ್ಸಿಲ್ಲದವರೂ ಇದ್ದಾರೆ. ಅಂಥವರ ಮನೆಯಲ್ಲಿ ಎರಡು ಮಕ್ಕಳಿದ್ದರೆ ಮಳೆಗಾಲ ಬೇರೆಯೇ ಆಗಿರುತ್ತದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಜೊತೆಗೆಂದು ಎರಡನೆಯದು ಬೇಕಾದರೆ ಅಂತರ ಹತ್ತಿರ ಇರಬೇಕು. ಮೂರು ಜಾತ್ರೆ ದಾಟಿದರೆ ಅವರು ಒಂದೇ ಮನೆಯಲ್ಲಿ ಬೆಳೆಯುವ ಇಬ್ಬರು ಒಂಟಿ ಮಕ್ಕಳು. ದೊಡ್ಡವಳು ಪಿಯುಸಿಗೆ ಊರು ಬಿಟ್ಟಾಗ ಚಿಕ್ಕವನು ನಾಲ್ಕನೇ ಕ್ಲಾಸು. ಅಷ್ಟು ಅಂತರದಲ್ಲಿ ಬೇರೆ ಲಾಭ ಇದೆ: ತಾಯಿಗೆ ಒಮ್ಮೆಗೆ ಒಂದೇ ಎಳೆಮಗು, ಕಾಲೇಜಿನ ಫೀ ಒಂದಾದ ಮೇಲೆ ಒಂದು. ಜೊತೆಯಾಟ ಮಾತ್ರ ಅದರಲ್ಲಿ ಸಿಗುವುದಿಲ್ಲ.

ಜೊತೆಯ ಮಾತಿನಲ್ಲಿ ನಾನು ತಡವಾಗಿ ಕಂಡದ್ದೊಂದಿದೆ. ಒಂದೇ ಮಗು ಎನ್ನುವುದು ಒಂದು ತಲೆಮಾರಿಗೆ ಮುಗಿಯುವುದಿಲ್ಲ. ಆಯಿಗೆ ಆರು ಜನ ಒಡಹುಟ್ಟಿದವರು. ಆದ್ದರಿಂದ ನನಗೆ ಅಣ್ಣ ತಮ್ಮ ಇಲ್ಲದಿದ್ದರೂ ಮಾವಂದಿರು, ಚಿಕ್ಕಮ್ಮಂದಿರು, ಅವರ ಮಕ್ಕಳು ಬೇಕಾದಷ್ಟು. ನನ್ನ ಮಗಳು ಒಬ್ಬಳೇ ಮಗಳ ಒಬ್ಬಳೇ ಮಗಳು. ನನ್ನ ಕಡೆಯಿಂದ ಅವಳಿಗೆ ಸೋದರಮಾವನೇ ಇಲ್ಲ. ನಮ್ಮಲ್ಲಿ ಮದುವೆ ಮಂಟಪಕ್ಕೆ ಹುಡುಗಿಯನ್ನು ಕರೆತರಬೇಕಾದವನು ಸೋದರಮಾವ. ನನ್ನ ಮದುವೆಯಲ್ಲಿ ಮೂವರು ಮಾವಂದಿರು ನಾನು ತಾನು ಎಂದು ಮುಂದೆ ಬಂದಿದ್ದರು. ಮಗಳಿಗೆ ನನ್ನ ಚಿಕ್ಕಮ್ಮನ ಮಗನೇ ಮಾವ. ಅವಳಿಗೆ ಎರಡು ವರ್ಷ ಇದ್ದಾಗಿನಿಂದ ಅವನನ್ನು ಹಾಗೇ ಕರೆಯಲು ಕಲಿಸಿದ್ದೇವೆ. ಅವನೂ ಅದನ್ನು ನಿಜವಾಗಿ ವಹಿಸಿಕೊಂಡಿದ್ದಾನೆ. ನೀವು ಒಬ್ಬರೇ ಮಗುವಾಗಿದ್ದು, ನಿಮ್ಮ ಗಂಡನೋ ಹೆಂಡತಿಯೋ ಕೂಡ ಒಬ್ಬರೇ ಆಗಿದ್ದರೆ, ಆ ಮಗುವಿಗೆ ಸ್ವಂತ ಅತ್ತೆ, ಮಾವ, ಚಿಕ್ಕಪ್ಪ, ಚಿಕ್ಕಮ್ಮ ಯಾರೂ ಇರುವುದಿಲ್ಲ. ನನ್ನ ಮಟ್ಟಿಗೆ, ಎರಡನೆಯದರ ಬಗ್ಗೆ ಹೆಚ್ಚು ಯೋಚಿಸಬೇಕಾದವರು ಇವರೇ.

ಎರಡನೇ ಬಾಣಂತನ ಯಾರು ಮಾಡುತ್ತಾರೆ?

ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. "ಇನ್ನೊಂದು ಯಾವಾಗ್ಲೇ ತಂಗಿ, ಕೂಸಿಗೊಂದು ಜೊತೆ ಬ್ಯಾಡ್ದನೇ?" ಎಂದು ಕೇಳುವ ನೂರು ಜನರಲ್ಲಿ ಒಬ್ಬರೂ ಇದನ್ನು ಕೇಳಿದ್ದಿಲ್ಲ.

ನನ್ನ ಮೊದಲ ಬಾಣಂತನ ಆಯಿ ಮಾಡಿದಳು. ಐದು ತಿಂಗಳು. ಬಿಸಿನೀರು ಕಾಯಿಸುವುದರಿಂದ ಹಿಡಿದು ಕೂಸಿಗೆ ಎಣ್ಣೆ ತಿಕ್ಕುವವರೆಗೆ ಎಲ್ಲ ಅವಳೇ. ಎರಡನೆಯದರ ಮಾತು ಬಂದಾಗ ಅಪ್ಪ ಹಾಸಿಗೆಯಲ್ಲಿದ್ದ. ಆಯಿ ಅವನ ಆರೈಕೆಯನ್ನೂ ನನ್ನ ಆರೈಕೆಯನ್ನೂ ಒಟ್ಟಿಗೆ ಮಾಡಬೇಕಿತ್ತು. ಅಕ್ಕತಂಗಿಯರಿದ್ದರೆ ಒಬ್ಬಳು ಬಂದು ನಿಲ್ಲುತ್ತಿದ್ದಳು. ಒಬ್ಬಳೇ ಮಗಳಾದವಳಿಗೆ ತವರಿನ ಬಲ ಅಂದರೆ ತಾಯಿಯ ಎರಡು ಕೈ, ಅಷ್ಟೇ.

ಕೂಲಿಗೆ ಜನ ಸಿಗುತ್ತಾರೆ, ಗಂಡಂದಿರು ಈಗ ಜಾಸ್ತಿ ಕೈ ಜೋಡಿಸುತ್ತಾರೆ, ನಿಜ. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚಿರುವ ಕಡೆ ಕೆಲಸದಲ್ಲಿದ್ದವರಿಗೆ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೂ 26 ವಾರ ಸಂಬಳದ ರಜೆ ಇದೆ. ತೋಟದ ಮನೆಯ ಸೊಸೆಗೆ ಅದೂ ಇಲ್ಲ. ಕೊಟ್ಟಿಗೆ, ಅಡುಗೆ, ಕೊಯ್ಲಿನ ಕಾಲಕ್ಕೆ ಇಪ್ಪತ್ತು ಜನರ ಊಟ. ಎರಡನೆಯದು ಬೇಕೆನ್ನುವವರು ಹೆರಿಗೆಯ ನಂತರದ ಆರು ತಿಂಗಳು ಯಾರು ಏನು ಮಾಡುತ್ತಾರೆಂದು ಒಂದು ಹಾಳೆಯಲ್ಲಿ ಹೆಸರು ಸಮೇತ ಬರೆಯಿರಿ. ತಾಯಿಯ ಹೆಸರೇ ಎಲ್ಲ ಸಾಲಲ್ಲೂ ಬಂದರೆ ಆ ಹಾಳೆಯನ್ನು ಗಂಡ, ಅತ್ತೆ ಎಲ್ಲರೂ ಕೂತು ನೋಡಬೇಕು.

"ನೋಡೋಣ" ಎನ್ನುವವರಿಗೂ ಒಂದು ಮಾತು. ಮೂವತ್ತೈದು ದಾಟಿದ ಮೇಲೆ ಬಸಿರಾಗುವ ಸಾಧ್ಯತೆ ಬೇಗ ಬೇಗ ಇಳಿಯುತ್ತದೆ, ಗರ್ಭಪಾತದ ಸಂಭವ ಏರುತ್ತದೆ. ಮೊದಲನೆಯದು ಸುಲಭವಾಗಿ ಆಯಿತು ಎಂದರೆ ಎರಡನೆಯದೂ ಆಗುತ್ತದೆ ಎಂದಲ್ಲ. ಮುಂದೂಡುತ್ತಾ ಹೋದರೆ ಒಂದು ದಿನ ಮೈಯೇ ನಿಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ. ಬೇಕು ಎಂದು ಮನಸ್ಸಿದ್ದೂ ಆಗದೆ ಹೋದ ಅಕ್ಕಂದಿರು ನನಗೆ ಗೊತ್ತು. ಜಾತ್ರೆಯಲ್ಲಿ, ಮದುವೆಯಲ್ಲಿ "ಇನ್ನೊಂದು ಯಾವಾಗ" ಎಂದು ಕೇಳುವವರು ದಯವಿಟ್ಟು ಇವರನ್ನು ನೆನೆಸಿಕೊಳ್ಳಿ.

ಒಂದೇ ಸಾಕು ಎಂದು ಗಟ್ಟಿಯಾದರೆ, ಅಥವಾ ಇನ್ನೂ ಗಟ್ಟಿಯಾಗದಿದ್ದರೂ, ಹೆಂಗಸಿನ ಆಪರೇಶನ್ ಒಂದೇ ದಾರಿಯಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುವ ಕಾಪರ್-ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ, ಮನಸ್ಸು ಬದಲಾದರೆ ತೆಗೆಸಬಹುದು. ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಅಂತರಾ ಇಂಜೆಕ್ಷನ್ನೂ ಇದೆ. ಶಾಶ್ವತ ಆಪರೇಶನ್ನೇ ಬೇಕೆಂದರೆ ಗಂಡಸರದ್ದು ಹೆಂಗಸರದ್ದಕ್ಕಿಂತ ಚಿಕ್ಕದು, ಹೊಲಿಗೆಯೂ ಇಲ್ಲದ್ದು. ಆದರೂ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಆಪರೇಶನ್ ಆಗಿದೆ, ಗಂಡಸರ ಸಂಖ್ಯೆ ಅದೇ 2019–21ರ ಸಮೀಕ್ಷೆಯಲ್ಲಿ ಸೊನ್ನೆಗೆ ಹತ್ತಿರ. ಇದು ಬದಲಾಗಬೇಕು.

ದುಡ್ಡು, ತೋಟ, ಮತ್ತೆ ಮಗನ ಆಸೆ

ದುಡ್ಡಿನ ಲೆಕ್ಕ ಸುಲಭ, ಬೇಗ ಮುಗಿಸುತ್ತೇನೆ. ಎರಡನೆಯ ಮಗುವಿನ ಬಟ್ಟೆ, ತೊಟ್ಟಿಲು, ಪುಸ್ತಕ ಮೊದಲನೆಯದರದ್ದೇ ಆಗುತ್ತದೆ. ಫೀ, ಹಾಸ್ಟೆಲ್, ಮದುವೆ ಎರಡೆರಡೇ. ಸಿಬಿಎಸ್‌ಇ ಶಾಲೆಯಲ್ಲಿ ಓದುವ ಒಂದೇ ಹೆಣ್ಣುಮಗುವಿಗೆ ಹತ್ತನೇ ತರಗತಿಯ ನಂತರ ಮಂಡಳಿಯದ್ದೇ ವಿದ್ಯಾರ್ಥಿವೇತನ ಇದೆ. ಅದಕ್ಕಾಗಿ ಯಾರೂ ತೀರ್ಮಾನ ಮಾಡುವುದಿಲ್ಲ, ಗೊತ್ತಿರಲಿ ಎಂದು ಹೇಳಿದೆ.

ತೋಟದ ಮಾತು ಬೇರೆ. ಒಂದು ಎಕರೆ ಅಡಿಕೆ ತೋಟ ಇಬ್ಬರಿಗೆ ಹಂಚಿದರೆ ಇಬ್ಬರಿಗೂ ಸಾಲುವುದಿಲ್ಲ. ಒಂದೇ ಮಗುವಾದರೆ ತೋಟ ಒಡೆಯುವುದಿಲ್ಲ. ಆದರೆ ಆ ಒಂದು ಮಗು ಬೆಂಗಳೂರಿನಲ್ಲಿದ್ದರೆ ಮದ್ದು ಹೊಡೆಸುವವರು ಯಾರು, ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನನ್ನು ಹುಡುಕುವವರು ಯಾರು? ಇಬ್ಬರಿದ್ದರೆ ಒಬ್ಬರಾದರೂ ಉಳಿಯಬಹುದು ಎಂಬ ಆಸೆ ಇರುತ್ತದೆ. ನಾನು ಕಂಡ ಮನೆಗಳಲ್ಲಿ ಇಬ್ಬರೂ ಹೋಗಿದ್ದಾರೆ. ತೋಟಕ್ಕಾಗಿ ಎರಡನೆಯದು ಎನ್ನುವ ಲೆಕ್ಕ ನನಗೆ ಸರಿ ಕಾಣುವುದಿಲ್ಲ.

ಮಗನಿಗಾಗಿ ಎರಡನೆಯದು ಎನ್ನುವುದಂತೂ ಬೇಡವೇ ಬೇಡ. ಕರ್ನಾಟಕದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ, ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಬಂತು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಸ್ಪಷ್ಟ ಮಾಡಿತು. ಅಪ್ಪನ ತೋಟ ಈಗ ನನ್ನ ಹೆಸರಿನಲ್ಲಿದೆ. ಅಡಿಕೆಗೆ ಕೊಳೆ ರೋಗ ಬಂದ ವರ್ಷವೂ ಬಂದಷ್ಟು ಫಸಲು ತೆಗೆದಿದ್ದೇನೆ.

ನಲವತ್ತರ ಕಷ್ಟ

ಈಗ ನಿಜವಾದ ಹೋಲಿಕೆಗೆ ಬರುತ್ತೇನೆ.

ಜುಲೈ ತಿಂಗಳ ಒಂದು ಬೆಳಗಿನ ಜಾವ ಆಯಿಯ ಫೋನ್ ಬಂತು. "ಅಪ್ಪನ ಮಾತು ತೊದಲ್ತಾ ಇದ್ದು, ಬಲಗೈ ಎತ್ತಲೆ ಆಗ್ತಿಲ್ಲೆ." ಪಾರ್ಶ್ವವಾಯು. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಬೇಕೆಂದು ಜನ ಕೇಳುತ್ತಾ ವರ್ಷಗಳೇ ಆದವು. ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕೆಳಗಿನವರು ಮಣಿಪಾಲಕ್ಕೋ ಗೋವಾಕ್ಕೋ ಓಡುತ್ತಾರೆ. ಮಳೆಯಲ್ಲಿ ಅಪ್ಪನನ್ನು ಹಳ್ಳಿಯಿಂದ ಶಿರಸಿಗೆ ತಂದು, ಸ್ಕ್ಯಾನ್ ಮಾಡಿಸಿ, ಮುಂಡಗೋಡ, ತಡಸ ದಾಟಿ ಹುಬ್ಬಳ್ಳಿ ತಲುಪುವಾಗ ಆ ಹೊತ್ತು ಮೀರಿತ್ತು.

ಸಂಜೆ ಡಾಕ್ಟರ್ ಒಂದು ಕಾಗದ ಮುಂದಿಟ್ಟರು. ತಲೆಯೊಳಗೆ ಊತ ಜಾಸ್ತಿಯಾದರೆ ಆಪರೇಶನ್ ಬೇಕಾಗಬಹುದು, ಒಪ್ಪಿಗೆ ಇದೆಯಾ ಎಂದು. ಪಕ್ಕದಲ್ಲಿ ಗಂಡ ನಿಂತಿದ್ದರು. "ನೀನು ಹೇಳಿದ ಹಾಗೆ" ಎಂದರು. ಅದು ಸರಿಯೇ. ಆದರೆ ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಅಪ್ಪನನ್ನು ಅಪ್ಪ ಎಂದೇ ಕರೆಯುವ ಇನ್ನೊಬ್ಬರು. ಸಹಿ ಹಾಕಿದೆ. ಆಪರೇಶನ್ ಬೇಕಾಗಲಿಲ್ಲ. ಅಪ್ಪ ಇನ್ನೂ ಎರಡು ವರ್ಷ ಬದುಕಿದ್ದ. ಆ ಎರಡು ವರ್ಷ ವಾರಕ್ಕೆ ಮೂರು ಸಲ ಹಳ್ಳಿಗೆ ಹೋಗುತ್ತಿದ್ದೆ.

ಒಡಹುಟ್ಟಿದವರಿದ್ದರೆ ಇದು ಹಂಚಿಹೋಗುತ್ತಿತ್ತಾ? ನನ್ನ ದೊಡ್ಡಪ್ಪನ ಮನೆಯಲ್ಲಿ ನಾಲ್ವರು ಮಕ್ಕಳು. ದೊಡ್ಡಮ್ಮ ಹಾಸಿಗೆ ಹಿಡಿದಾಗ ನೋಡಿಕೊಂಡವಳು ಊರಲ್ಲೇ ಉಳಿದ ಎರಡನೇ ಸೊಸೆ ಒಬ್ಬಳೇ. ಉಳಿದವರು ಭಾನುವಾರ ಫೋನ್ ಮಾಡಿ ಹೀಗೆ ಮಾಡು, ಹಾಗೆ ಮಾಡು ಎನ್ನುತ್ತಿದ್ದರು. ಕೈಯ ಕೆಲಸ ನಾಲ್ವರಿದ್ದರೂ ಒಬ್ಬರಿಗೇ ಬಂತು. ಆಸ್ಪತ್ರೆಯ ಬಿಲ್ಲು ಮಾತ್ರ ನಾಲ್ಕು ಭಾಗವಾಯಿತು. ಅದು ಸಣ್ಣ ಮಾತಲ್ಲ. ತೀರ್ಮಾನವೂ ಹಂಚಿಹೋಯಿತು, ಜಗಳದ ಜೊತೆಗೇ ಆದರೂ.

ಚೀನಾದಲ್ಲಿ ಸುಮಾರು 1980ರಿಂದ 2015ರವರೆಗೆ ಒಂದೇ ಮಗು ಎಂದು ಸರ್ಕಾರವೇ ಕಟ್ಟು ಮಾಡಿತ್ತು. ಅದರಿಂದ ಬಂದ ಸ್ಥಿತಿಗೆ ಅಲ್ಲಿ 4-2-1 ಎನ್ನುತ್ತಾರೆ: ನಾಲ್ವರು ಅಜ್ಜ ಅಜ್ಜಿಯರು, ಇಬ್ಬರು ತಂದೆ ತಾಯಿ, ಅವರೆಲ್ಲರ ಕೆಳಗೆ ಒಂದು ಮಗು. ನಮ್ಮಲ್ಲಿ ಯಾರೂ ಬಲವಂತ ಮಾಡಿಲ್ಲ, ಆದರೆ ಲೆಕ್ಕ ಅದೇ ಆಗುತ್ತದೆ. ಎರಡನೆಯದರ ಪರವಾಗಿ ನಾನು ಒಪ್ಪುವ ಅತಿ ಬಲವಾದ ಮಾತು ಇದೊಂದೇ.

ಇದಕ್ಕೂ ಆಳದಲ್ಲಿ ಇನ್ನೊಂದಿದೆ. ಅಪ್ಪ ಕವಳ (ಎಲೆ ಅಡಿಕೆ) ಹಾಕುವಾಗ ಎಲೆಯ ತೊಟ್ಟು ಮುರಿದು ಬಲಗಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದ. ಯಾಕೆಂದು ಯಾವತ್ತೂ ಹೇಳಲಿಲ್ಲ. ಇದು ಈ ಪ್ರಪಂಚದಲ್ಲಿ ಈಗ ಆಯಿಗೆ ಮತ್ತು ನನಗೆ ಮಾತ್ರ ಗೊತ್ತು. ಆಯಿಗೆ ಎಪ್ಪತ್ತಮೂರು. ಅವಳ ನಂತರ ಆ ಮನೆಯ ಒಳಗಿನ ದಿನಗಳನ್ನು "ಹೌದು, ಹಾಗೇ ಮಾಡ್ತಿದ್ದ" ಎನ್ನಲು ಯಾರೂ ಇರುವುದಿಲ್ಲ. ಇದಕ್ಕೆ ನನ್ನ ಬಳಿ ಉಪಾಯ ಇಲ್ಲ. ಮಗಳಿಗೆ ಹೇಳುತ್ತಿರುತ್ತೇನೆ. ಅವಳಿಗೆ ಅದು ಕತೆ. ನನಗೆ ಅದು ಅಪ್ಪ.

ಒಂದೇ ಎಂದವರು ಮಾಡಿಡಬೇಕಾದದ್ದು

ಮಗುವಿನ ಈ ಭಾರವನ್ನು ಕಡಿಮೆ ಮಾಡುವುದು ತಂದೆ ತಾಯಿಯ ಕೈಯಲ್ಲಿದೆ. ಅಪ್ಪ ಹೋದ ಮೇಲೆ ನಾನು ಒಂದು ವರ್ಷ ಕಚೇರಿ ಅಲೆದೆ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇತ್ತು. ವಾಟ್ನಿ, ಅಂದರೆ ಆಸ್ತಿ ಪಾಲು, ಬಾಯಿಮಾತಿನಲ್ಲಿ ಆಗಿತ್ತು, ಕಾಗದದಲ್ಲಿ ಆಗಿರಲಿಲ್ಲ. ಸೊಸೈಟಿಯಲ್ಲಿ ಸಾಲ ಎಷ್ಟು, ವಿಮೆ ಎಲ್ಲಿ ಎಂದು ಆಯಿಗೂ ಗೊತ್ತಿರಲಿಲ್ಲ. ನಾಲ್ವರು ಮಕ್ಕಳಿದ್ದರೆ ಒಬ್ಬರು ತಹಶೀಲ್ದಾರ್ ಕಚೇರಿಗೆ, ಒಬ್ಬರು ಬ್ಯಾಂಕಿಗೆ ಹೋಗುತ್ತಾರೆ. ಒಬ್ಬರೇ ಇದ್ದರೆ ಎಲ್ಲ ಕ್ಯೂನಲ್ಲೂ ಆ ಒಬ್ಬರೇ.

ಆದ್ದರಿಂದ ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಜಮೀನಿನ ಖಾತೆ ಬದಲಿಸುವುದು), ವಾಟ್ನಿ ಬಾಕಿ ಇದ್ದರೆ ಈಗಲೇ ಮುಗಿಸಿ. ಉಯಿಲು ಬರೆಯಿರಿ, ಇಬ್ಬರು ಸಾಕ್ಷಿಗಳ ಸಹಿ ಸಾಕು. ಬ್ಯಾಂಕಿನ ನಾಮಿನಿ ಅಂದರೆ ಹಣ ಪಡೆದುಕೊಳ್ಳುವವರು ಅಷ್ಟೇ, ವಾರಸುದಾರರು ಬೇರೆ ಇರಬಹುದು ಎನ್ನುವುದು ನೆನಪಿರಲಿ. ಆರೋಗ್ಯ ವಿಮೆಯನ್ನು ಗಟ್ಟಿಮುಟ್ಟಾಗಿರುವಾಗಲೇ ಮಾಡಿಸಿ, ಕಾಯಿಲೆ ಬಂದ ಮೇಲೆ ಅಲ್ಲ. ಎಪ್ಪತ್ತರಲ್ಲಿ ಎಲ್ಲಿರುತ್ತೀರಿ ಎಂದು ಐವತ್ತರಲ್ಲೇ ಮಾತಾಡಿ: ಒಂಟಿ ಮನೆಯಲ್ಲೋ, ಆಸ್ಪತ್ರೆ ಹತ್ತಿರದ ಪೇಟೆಯಲ್ಲೋ? ನಿಮಗೆ ನಿಮ್ಮದೇ ಗೆಳೆಯರಿರಲಿ. ಮಗುವಿನ ಫೋನೊಂದೇ ನಿಮ್ಮ ದಿನದ ಆಸರೆಯಾಗದಿರಲಿ. ನಾನೂ ಗಂಡನೂ ಇದನ್ನೆಲ್ಲ ಒಂದು ನೀಲಿ ಫೈಲಿನಲ್ಲಿ ಹಾಕಿಟ್ಟಿದ್ದೇವೆ.

ದತ್ತು

ಎರಡನೆಯದು ಬೇಕು, ಹೆರಲು ಆಗದು ಅಥವಾ ಬೇಡ ಎನ್ನುವವರಿಗೆ ಇದು ಒಳ್ಳೆಯ ದಾರಿ. ಕೇಂದ್ರದ ದತ್ತು ಪ್ರಾಧಿಕಾರದ ಜಾಲತಾಣದಲ್ಲೇ ಹೆಸರು ನೋಂದಾಯಿಸಬೇಕು. ಕಾರವಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬಹುದು. ಮದುವೆಯಾಗಿ ಎರಡು ವರ್ಷವಾಗಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಎಳೆಮಗುವಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಆದ್ದರಿಂದ ಹತ್ತಿರದ ಅಂತರ ಇಲ್ಲಿ ನಿಮ್ಮ ಕೈಯಲ್ಲಿಲ್ಲ. 1956ರ ಹಿಂದೂ ದತ್ತು ಕಾಯ್ದೆಯಡಿ ಮಗಳಿದ್ದವರು ಮಗಳನ್ನು, ಮಗನಿದ್ದವರು ಮಗನನ್ನು ದತ್ತು ತೆಗೆದುಕೊಳ್ಳುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಆ ತಡೆ ಇಲ್ಲ. ಯಾರೋ ಪರಿಚಯದವರ ಮೂಲಕ ಮಗು ಕೊಡಿಸುತ್ತೇನೆ ಎನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಅದು ಅಪರಾಧ.

ಹಾಗಾದರೆ ಯಾರಿಗೆ ಯಾವುದು?

ಇನ್ನೊಂದು ಮಗುವನ್ನು ಅದಕ್ಕಾಗಿಯೇ ಎತ್ತಿ ಆಡಿಸುವ ಆಸೆ ನಿಮಗಿಬ್ಬರಿಗೂ ಇದ್ದರೆ, ಮೈ ಸರಿಯಿದ್ದರೆ, ಬಾಣಂತನದ ಹಾಳೆಯಲ್ಲಿ ಮೂರು ಹೆಸರಾದರೂ ಬಂದರೆ, ಎರಡಾಗಲಿ. ಒಂದೂವರೆಯಿಂದ ಎರಡು ಜಾತ್ರೆಯ ಅಂತರ ಒಳ್ಳೆಯದು. ಒಂಟಿ ಮನೆಯಲ್ಲಿರುವವರು, ಗಂಡ ಹೆಂಡತಿ ಇಬ್ಬರೂ ಒಬ್ಬೊಬ್ಬರೇ ಆಗಿ ಬೆಳೆದವರು ಇದರ ಕಡೆ ಸ್ವಲ್ಪ ಜಾಸ್ತಿ ವಾಲಬಹುದು.

ಮೊದಲನೆಯದಕ್ಕೆ ಜೊತೆಯಾಗಲಿ ಎಂಬುದೊಂದೇ ಕಾರಣವಾದರೆ ಬೇಡ. ಹುಟ್ಟುವ ಮಗು ತನಗಾಗಿ ಹುಟ್ಟಬೇಕು, ಅಕ್ಕನ ಆಟಕ್ಕೋ ನಮ್ಮ ಮುಪ್ಪಿಗೋ ಅಲ್ಲ. ಮೊದಲ ಹೆರಿಗೆ ಕಷ್ಟವಾಗಿದ್ದರೆ, ಮನೆಯಲ್ಲಿ ಈಗಾಗಲೇ ಹಾಸಿಗೆ ಹಿಡಿದವರಿದ್ದರೆ, ಒಬ್ಬರಿಗೆ ಮನಸ್ಸಿಲ್ಲದಿದ್ದರೆ, ಒಂದೇ ಸಾಕು. ಒಂದನ್ನು ಆರಿಸಿಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಜಾತ್ರೆಯಲ್ಲಿ ಕೇಳಿದ ಆ ತಂಗಿಗೂ ಆಮೇಲೆ ಇದನ್ನೇ ಹೇಳಿದೆ. ಅವಳು ಇನ್ನೂ ಯೋಚಿಸುತ್ತಿದ್ದಾಳೆ. ಅವಳಿಗೆ ಮೂವತ್ತೊಂದು, ಯೋಚಿಸಲು ಸಮಯ ಇದೆ.

ಮನೆಯಲ್ಲಿ ಹೇಳುವುದು

ಒಂದೇ ಎಂದು ತೀರ್ಮಾನಿಸಿದರೆ ಅದನ್ನು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಹಿರಿಯರು ಕಾಯುತ್ತಲೇ ಇರುತ್ತಾರೆ. ಮಗನ ತಾಯಿಗೆ ಮಗನೇ ಹೇಳಬೇಕು, ಸೊಸೆಯ ಮೇಲೆ ಹಾಕಬಾರದು. ನಮ್ಮಲ್ಲಿ ಗಂಡ ಹೇಳಿದರು. ಒಂದು ಸಂಜೆ ಅತ್ತೆ ಹೂಬತ್ತಿ ಹೊಸೆಯುತ್ತಾ ಕೂತಿದ್ದಾಗ, ಪಕ್ಕದಲ್ಲಿ ಕೂತು, "ಆಯಿ, ನಮಗೆ ಇವಳೊಬ್ಬಳೇ ಸಾಕು ಎಂದು ಮಾಡಿದ್ದೇವೆ" ಎಂದರು. ಅತ್ತೆ ಏನೂ ಹೇಳಲಿಲ್ಲ. ಒಂದು ವಾರ ನಮ್ಮಿಬ್ಬರ ಜೊತೆ ಮಾತು ಕಡಿಮೆ ಮಾಡಿದರು.

ಅವರ ಮನೆಯ ಮೆತ್ತಿಯಲ್ಲಿ (ಅಟ್ಟದಲ್ಲಿ) ಹಲಸಿನ ಮರದ ತೊಟ್ಟಿಲಿತ್ತು. ಗಂಡನೂ ನಾದಿನಿಯೂ ಮಲಗಿದ್ದು ಅದರಲ್ಲೇ, ನನ್ನ ಮಗಳೂ. ಅವಳು ಇಳಿದ ಮೇಲೆ ಅತ್ತೆ ಅದಕ್ಕೆ ಹಳೆ ಸೀರೆ ಸುತ್ತಿ, ಇಲಿ ಕಡಿಯದ ಹಾಗೆ ತೊಲೆಗೆ ಕಟ್ಟಿಸಿಟ್ಟಿದ್ದರು. ಎಂಟನೇ ದಿನ ಕೆಲಸದವನನ್ನು ಕರೆದು ಅದನ್ನು ಇಳಿಸಿದರು. ಅಂಗಳದಲ್ಲಿಟ್ಟು ತೊಳೆದು, ಬಿಸಿಲಿಗೆ ಒಣಗಿಸಿ, ಸರಪಳಿಗೆ ಎಣ್ಣೆ ಹಚ್ಚಿದರು. ಸಂಕದ ಆಚೆ ಮನೆಯಲ್ಲಿ ಆಗ ಬಾಣಂತಿ ಇದ್ದಳು. ಅಲ್ಲಿಗೆ ಕೊಟ್ಟು ಕಳಿಸಿದರು.